ನಡಾವಳಿ

ಮೋರ್ವೆಲ್ ಊರಿನ ಸಭಾಭವನ. ಗುರುವಾರ, ಸಂಜೆ ಆರೂವರೆ.
ಹಾಜರಿ ತೊಂಬತ್ತೊಂದು. ಕುರ್ಚಿ ಅರವತ್ತು.
ಇಷ್ಟು ಬರೆದು ತಲೆಯೆತ್ತುವುದರೊಳಗೆ
ಯಾರೋ ಕೂಗಾಟ ಶುರುಮಾಡಿದ್ದರು.

ನಾನು ಗುಮಾಸ್ತೆ. ನನಗೆ ಮತವಿಲ್ಲ, ಮಾತಿಲ್ಲ.
ಅವರ ಮಾತು ನನ್ನ ಕಾಗದಕ್ಕೆ ಇಳಿಯುತ್ತಲೇ ತಣ್ಣಗಾಗುತ್ತದೆ:
‘ಸಭಿಕರೊಬ್ಬರು ಆತಂಕ ವ್ಯಕ್ತಪಡಿಸಿದರು.’
ವ್ಯಕ್ತವಾದದ್ದು ಆತಂಕವಲ್ಲ, ಮುಷ್ಟಿ.
ಮೇಜಿನ ಮೇಲೆ ಉರುಳಿದ ನೀರಿನ ಲೋಟ ಸಾಕ್ಷಿ.

ಮುಷ್ಟಿ ಡೆಸ್ಮಂಡ್ ಪಾರ್ಗಿಟರನದು.
ಮೂವತ್ತೊಂದು ವರ್ಷ ಬಾಯ್ಲರಿನ ಮುಂದೆ.
‘ನೀವು ಸ್ವಿಚ್ಚು ಒತ್ತಿದಾಗಲೆಲ್ಲ
ಬಂದದ್ದು ನಾನು,’ ಎಂದ.
‘ಕ್ರಿಸ್‌ಮಸ್ ರಾತ್ರಿಯೂ ಬಂದೆ.
ಈಗ ನಾನು ಕೊಳಕು.’

ಆಮೇಲೆ ಕಾರ್ಮೆನ್ ಝಮ್ಮಿಟ್, ಕಂಕುಳಲ್ಲಿ ಉಪ್ಪಿನಕಾಯಿಯ ಜಾಡಿ.
ಒಳಗೆ ಬೂದಿ.
ಕಲ್ಲಿದ್ದಲ ಗಣಿಗೆ ಬೆಂಕಿ ಬಿದ್ದು
ನಲವತ್ತೈದು ದಿನ ಉರಿದ ಬೇಸಿಗೆಯಲ್ಲಿ
ಮಗುವಿನ ತೊಟ್ಟಿಲ ಪಕ್ಕದ ಕಿಟಕಿಯಂಚಿನಿಂದ ಗುಡಿಸಿಟ್ಟದ್ದು.
ಆಕೆ ಏನೂ ಮಾತಾಡಲಿಲ್ಲ. ಮುಚ್ಚಳ ತಿರುಗಿಸಿ
ಅಧ್ಯಕ್ಷರ ಮುಂದೆ ಇಟ್ಟು ಕೂತಳು.
ಇದನ್ನು ಹೇಗೆ ಬರೆಯಲಿ?
‘ಲಗತ್ತು: ಒಂದು.’

ಮೆಲ್ಬರ್ನಿನಿಂದ ಬಂದ ಹುಡುಗ,
ಕೊರಳಲ್ಲಿ ಕಂಪನಿಯ ಪಟ್ಟಿ, ಕೆಸರು ಕಾಣದ ಬೂಟು,
ಪರದೆಯ ಮೇಲೆ ಸಮುದ್ರ ತೋರಿಸಿದ.
ಅಲೆಗಳ ನಡುವೆ ಬಿಳಿ ಗಾಳಿಯಂತ್ರಗಳು,
ಆಗತಾನೆ ಒಸಡೊಡೆದ ಹಾಲುಹಲ್ಲಿನ ಹಾಗೆ.
ಚೆಂದವಿತ್ತು. ಸುಳ್ಳು ಯಾಕೆ ಹೇಳಲಿ.
ಗಾಳಿ ಬಂದಾಗ ತೂರಿಕೋ ಎನ್ನುತ್ತೇವೆ ನಾವು;
ತೂರಿದವರಿಗೆ ಕಾಳು,
ಎದುರು ನಿಂತವರ ಕಣ್ಣಿಗೆ ಹೊಟ್ಟು
ಎಂಬುದನ್ನು ಗಾದೆ ಹೇಳದೆ ಬಿಟ್ಟಿದೆ.

‘ಕೆಲಸ ಎಷ್ಟು?’ ಹಿಂದಿನ ಸಾಲಿನ ದನಿ.
‘ಕಟ್ಟುವಾಗ ಎರಡು ಸಾವಿರ...’
‘ಕಟ್ಟಿದ ಮೇಲೆ?’
ಹುಡುಗ ಮುಂದಿನ ಚಿತ್ರಕ್ಕೆ ಹೋದ.

ಹೈನಿನ ರೂಆರಿ ಮೆಕ್‌ಫೈಲ್ ಎದ್ದ: ತಂತಿ ನನ್ನ ಹುಲ್ಲಿನ ಮೇಲೇ ಯಾಕೆ?
ಇನ್ನೊಬ್ಬ ಅಣುಸ್ಥಾವರ ಎಂದ.
ಅರ್ಧ ಸಭೆ ನಕ್ಕಿತು, ಅರ್ಧ ಚಪ್ಪಾಳೆ ತಟ್ಟಿತು,
ಕೆಲವರು ಎರಡೂ ಮಾಡಿದರು.

‘ಪರಿವರ್ತನೆ’ ಎಂಬ ಪದ ಇಪ್ಪತ್ತಾರು ಸಲ ಬಂತು.
ಎಣಿಸುವುದು ನನ್ನ ಕೆಲಸವಲ್ಲ, ಆದರೂ ಎಣಿಸಿದೆ.
ಕೋಲಾರದ ಚಿನ್ನದ ಗಣಿ ಮುಚ್ಚಿದ ವರ್ಷ
ಅದು ಚಾಂಪಿಯನ್ ರೀಫಿಗೆ ಬೇರೆ ಹೆಸರಿನಲ್ಲಿ ಬಂದಿತ್ತು.
ಪಂಜರ ಇಳಿಸಿ ಏರಿಸುತ್ತಿದ್ದ ಅಪ್ಪ
ಮರುದಿನವೂ ಸೈರನ್ನಿನ ಹೊತ್ತಿಗೆ ಗಡ್ಡ ಹೆರೆದು ಕೂತ.
ಸೈರನ್ನು ಕೂಗಲಿಲ್ಲ.
ವರ್ಷಗಟ್ಟಲೆ, ಅವನ ಗಡ್ಡವೊಂದೇ ಪಾಳಿ ತಪ್ಪಿಸಲಿಲ್ಲ.
ಗಾಳಿ ಎದ್ದರೆ ಸೈನೈಡ್ ದಿಬ್ಬದ ಧೂಳು
ತಟ್ಟೆಯ ಅನ್ನದ ಮೇಲೆ.
ಹಾಗಾಗಿ ನನಗೆ ಮುಷ್ಟಿ ಗೊತ್ತು. ಜಾಡಿ ಗೊತ್ತು.
ನಡಾವಳಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಎಂಟೂಕಾಲಿಗೆ ಯಾರೋ ಕೆಣಕಿದರು:
‘ಪಾರ್ಗಿಟರ್, ನಿನ್ನ ಚಾವಣಿಯ ಮೇಲೇನಿದೆ?’
ಆತ ಟೋಪಿ ತಿರುವುತ್ತ ನಿಂತ.
‘ಸೋಲಾರು. ಹನ್ನೆರಡು ಫಲಕ.’
ನಗು ಮಾಡಿಗೆ ಮುಟ್ಟಿತು.
‘ಮಾವಿಸ್ ಹಾಕಿಸಿದ್ದು,’ ಎಂದ, ನಗು ಇಳಿಯಲು ಬಿಟ್ಟು,
‘ಹೋಗುವ ಮೊದಲು. ಬಿಲ್ಲು ನಿನಗೆ ಭಾರವಾಗಬಾರದು ಅಂತ.’

ಆಮೇಲೆ ಯಾರೂ ಮೈಕು ಕೇಳಲಿಲ್ಲ.
ನಾನು ಬರೆದೆ: ‘ಚರ್ಚೆ ಮುಂದೂಡಲಾಯಿತು.’

ಕುರ್ಚಿ ಮಡಚಿದೆ. ಜಾಡಿ ಅಲ್ಲೇ ಉಳಿದಿತ್ತು,
ಯಾವ ಕಡತಕ್ಕೂ ಹೊಂದದ ಲಗತ್ತು.
ಮುಚ್ಚಳ ಬಿಗಿದು ಚಹಾಪುಡಿಯ ಪಕ್ಕ ಇಟ್ಟೆ,
ಮೇಲೆ ಚೀಟಿ ಅಂಟಿಸಿ: ಇದು ಸಕ್ಕರೆಯಲ್ಲ.

ಬಾಗಿಲ ಬಳಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೆ.
ಒತ್ತಿದಾಗ ಬರುವವನನ್ನು ಇವತ್ತು ನೋಡಿದ್ದಾಯಿತು.
ಆರಿಸುವಾಗ ಅವನಿಗೆ ಏನೆನ್ನಬೇಕು?
ಹೊತ್ತಾಯಿತು, ಡೆಸ್ಮಂಡ್,
ಮನೆಗೆ ನಡಿ ಎಂದೆ, ಕನ್ನಡದಲ್ಲಿ.